ಟ್ರೇಲರಿನ ಕೊಂಡಿ: ಸವೆತ, ದುರಸ್ತಿ ಮತ್ತು ಹೊಂದಾಣಿಕೆ

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೊ ಹಸಿರೆಲೆ ಮತ್ತು 12 ಕಿಲೊ ಕಾಂಪೋಸ್ಟ್ ಅಥವಾ ಹಟ್ಟಿಗೊಬ್ಬರ ಕೊಡಬೇಕೆಂಬುದು ಬಹುಕಾಲದ ಶಿಫಾರಸು. ನಾನೂ ತರಬೇತಿಗಳಲ್ಲಿ ಇದನ್ನೇ ಹೇಳುತ್ತ ಬಂದವನು. ಹೇಳುವುದು ಸುಲಭ, ಹೊರುವುದು ಕಷ್ಟ. 2.7 ಮೀಟರ್ ಅಂತರದಲ್ಲಿ ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 550 ಮರಗಳಿರುತ್ತವೆ. ಆ ಲೆಕ್ಕದಲ್ಲಿ ಎಕರೆಗೆ ವರ್ಷಕ್ಕೆ 13 ಟನ್ನಿಗೂ ಮೀರಿದ ಸರಕು ಗುಡ್ಡದಿಂದ, ಹಟ್ಟಿಯಿಂದ ತೋಟಕ್ಕಿಳಿಯಬೇಕು. ಕೊಯ್ಲಿನ ಕಾಲಕ್ಕೆ ಅಡಿಕೆ ಗೊನೆ, ತೆಂಗಿನಕಾಯಿ, ಕಟ್ಟಿಗೆ ಇವೆಲ್ಲ ಅದೇ ದಾರಿಯಲ್ಲಿ ಮೇಲಕ್ಕೇರಬೇಕು. ತಲೆಹೊರೆಯಲ್ಲಿ ಇದನ್ನು ಮಾಡುವ ಆಳುಗಳು ಈಗ ಸಿಗುವುದಿಲ್ಲ. ಆದುದರಿಂದ ಟಿಲ್ಲರ್ ಮತ್ತು ಮಿನಿ ಟ್ರ್ಯಾಕ್ಟರುಗಳ ಹಿಂದೆ ಟ್ರೇಲರ್ ಕಟ್ಟಿ ಸಾಗಿಸುವ ಕ್ರಮ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಮನೆಮನೆಗೂ ಬಂದಿದೆ. ಬೇಸಾಯಶಾಸ್ತ್ರದ ಅಧ್ಯಾಪಕನಿಗೆ ಕಬ್ಬಿಣದ ಕೊಂಡಿಯ ಗೊಡವೆ ಏಕೆಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.

ಕೇರಳದ ಗಡಿಗೆ ತಾಗಿದ ಈಶ್ವರಮಂಗಲದ ಕಡೆಯ ಭೂಮಿಯನ್ನು ನೋಡಿದವರಿಗೆ ಗೊತ್ತು. ಮನೆ ಮತ್ತು ರಸ್ತೆ ಮೇಲೆ ಮುರಕಲ್ಲಿನ ಗುಡ್ಡದ ಬದಿಯಲ್ಲಿ, ತೋಟ ಕೆಳಗೆ ಕಣಿವೆಯಲ್ಲಿ. ನಡುವೆ ಜೆಸಿಬಿಯಲ್ಲಿ ಕಡಿದ ಇಳಿಜಾರು ದಾರಿ. ಮಳೆಗಾಲದಲ್ಲಿ ಮೇಲ್ಮಣ್ಣು ತೊಳೆದು ಹೋಗಿ ಆ ದಾರಿಯಲ್ಲಿ ಕಲ್ಲು ಎದ್ದಿರುತ್ತದೆ, ಕೊರಕಲು ಬಿದ್ದಿರುತ್ತದೆ. ಇಂಥದೇ ಒಂದು ತೋಟಕ್ಕೆ ಗೊಬ್ಬರದ ಪ್ರಾತ್ಯಕ್ಷಿಕೆಗೆಂದು ಹೋಗಿದ್ದಾಗ ಟ್ರೇಲರಿನ ಪಿನ್ನು ನನ್ನ ಕಣ್ಣಿಗೆ ಬಿತ್ತು. ಅದು ಪಿನ್ನಲ್ಲ, ಮನೆ ಕಟ್ಟುವಾಗ ಉಳಿದ ಸರಳಿನ ತುಂಡು. ಕೆಳಗೆ ಕ್ಲಿಪ್ಪಿನ ಬದಲು ಕಟ್ಟುವ ತಂತಿ.

"ಎಂಟು ವರ್ಷದಿಂದ ಹೀಗೇ ಓಡ್ತಾ ಉಂಟು ಸಾರ್, ಏನೂ ಆಗ್ಲಿಲ್ಲ" ಎಂದರು ಯಜಮಾನರು. ಅವರ ಮಾತು ಸುಳ್ಳಲ್ಲ. ಆ ದಿನ ಮಧ್ಯಾಹ್ನ ಖಾಲಿ ಟ್ರೇಲರ್ ಮೇಲಕ್ಕೆ ಬರುವಾಗ ಕೊರಕಲೊಂದರಲ್ಲಿ ಗಾಲಿ ಹಾರಿತು, ತಂತಿ ಕಡಿಯಿತು, ಸರಳು ಮೇಲಕ್ಕೆ ನೆಗೆದು ಹೊರಬಂತು. ಟ್ರೇಲರ್ ಹಿಂದಕ್ಕುರುಳಿ ಎರಡು ಮರಗಳಿಗೆ ಬಡಿದು ನಿಂತಿತು. ಹಿಂದೆ ಯಾರೂ ನಡೆದು ಬರುತ್ತಿರಲಿಲ್ಲ. ಬುಟ್ಟಿ ಹೊತ್ತಿದ್ದ ಹೆಂಗಸರಿಬ್ಬರು ಆಗಷ್ಟೇ ಚಹಾಕ್ಕೆಂದು ಬೇರೆ ದಾರಿಯಲ್ಲಿ ಮನೆಗೆ ಹೋಗಿದ್ದರು.

ಹೆಚ್ಚಿನವರು ಕೊಂಡಿಯನ್ನು ಎಳೆಯುವ ಸಾಧನವೆಂದಷ್ಟೇ ತಿಳಿದಿದ್ದಾರೆ. ಬಯಲುಸೀಮೆಯ ಸಮತಟ್ಟು ದಾರಿಯಲ್ಲಿ ಅದು ಬಹುಮಟ್ಟಿಗೆ ನಿಜ. ನಮ್ಮ ಗುಡ್ಡದ ದಾರಿಯಲ್ಲಿ ಕೊಂಡಿಗೆ ಮೂರು ಕೆಲಸಗಳಿವೆ: ಏರುವಾಗ ಎಳೆಯಬೇಕು, ಇಳಿಯುವಾಗ ಹಿಂದಿನಿಂದ ನೂಕುವ ಭಾರವನ್ನು ತಡೆಯಬೇಕು, ಎರಡೂ ಹೊತ್ತು ಟ್ರೇಲರಿನ ಮುಂಭಾಗದ ತೂಕವನ್ನು ಹೊರಬೇಕು. ಮಿನಿ ಟ್ರ್ಯಾಕ್ಟರಿನ ಎಷ್ಟೋ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇಲ್ಲದಿರುವುದರಿಂದ ಇಳಿಜಾರಿನಲ್ಲಿ ಎಲ್ಲವೂ ಆ ಒಂದು ಪಿನ್ನಿನ ಮೇಲೆ ನಿಂತಿರುತ್ತದೆ.

ಭಾಗಗಳ ಪರಿಚಯ

ಎತ್ತಿನ ಗಾಡಿಯ ಮೂಕಿಯಂತೆ ಟ್ರೇಲರಿನ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಚೌಕಟ್ಟನ್ನು ಇಲ್ಲಿ ಮೂಕಿ ಎಂದೇ ಕರೆಯೋಣ. ಅದರ ತುದಿಯಲ್ಲಿ ದಪ್ಪನೆಯ ಬಳೆ ಇರುತ್ತದೆ. ಟ್ರ್ಯಾಕ್ಟರಿನ ಹಿಂದೆ ಎರಡು ತಗಡುಗಳ ಕವಲು ಇರುತ್ತದೆ. ಬಳೆಯನ್ನು ಕವಲಿನ ನಡುವೆ ಇಟ್ಟು ಮೇಲಿನಿಂದ ಪಿನ್ನು ಇಳಿಸಿ, ಕೆಳಗೆ ಕ್ಲಿಪ್ಪು ಹಾಕಿದರೆ ಕೊಂಡಿ ಪೂರ್ತಿಯಾಯಿತು. ಪಿನ್ನಿಗೆ ಮೇಲೂ ಕೆಳಗೂ ಆಧಾರವಿರಬೇಕು. ಒಂದೇ ತಗಡಿಗೆ ಪಿನ್ನು ಇಳಿಬಿಟ್ಟರೆ ಅದು ಬೇಗನೆ ಬಾಗುತ್ತದೆ.

ಪರೀಕ್ಷಿಸುವ ವಿಧಾನ

ಈ ಕೆಲಸಕ್ಕೆ ಆಟಿ ತಿಂಗಳು ಸೂಕ್ತ. ಸಾಗಾಟ ಕಡಿಮೆಯಿರುತ್ತದೆ, ವೆಲ್ಡಿಂಗ್ ಅಂಗಡಿಯಲ್ಲೂ ಗಡಿಬಿಡಿ ಇರುವುದಿಲ್ಲ. ಖಾಲಿ ಟ್ರೇಲರನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮೂಕಿಯ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟ ನಂತರವೇ ಪಿನ್ನು ಕಳಚಬೇಕು. ಜಾಕಿನ ಮೇಲೆ ನಿಂತ ಮೂಕಿಯ ಕೆಳಗೆ ಕೈ ಹಾಕಬಾರದು.

ಬಳೆ, ಕವಲು ಮತ್ತು ಮೂಕಿಯ ಬೆಸುಗೆಗಳನ್ನು ಸೀಮೆಎಣ್ಣೆ ಅಥವಾ ಡೀಸೆಲಿನಿಂದ ಉಜ್ಜಿ ತೊಳೆಯಿರಿ. ಗ್ರೀಸು, ಮಣ್ಣು, ತುಕ್ಕು ಹೋಗದೆ ಬಿರುಕು ಕಾಣುವುದಿಲ್ಲ. ಬಿರುಕು ಕಂಡುಹಿಡಿಯಲು ಹಳೆಯ ಉಪಾಯವೊಂದಿದೆ. ಅನುಮಾನವಿರುವ ಜಾಗಕ್ಕೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಆಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಹಚ್ಚಿ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಹೊರಗೆ ಒಸರಿ, ಬಿಳಿ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಬಳೆಯ ಕುತ್ತಿಗೆ, ಮೂಕಿಯ ಎರಡು ಕಾಲುಗಳು ಕೂಡುವ ಸ್ಥಳ, ಮೂಕಿ ಟ್ರೇಲರಿನ ಚಾಸಿಗೆ ಸೇರುವ ಸ್ಥಳ, ಈ ಮೂರನ್ನು ತಪ್ಪದೆ ನೋಡಬೇಕು.

ಆಮೇಲೆ ಪಿನ್ನನ್ನು ಅಳೆಯಿರಿ. ತಲೆಯ ಬುಡದಲ್ಲಿ ಸವೆಯದ ಭಾಗದ ವ್ಯಾಸವೆಷ್ಟು, ಬಳೆ ತಾಗುವ ನಡುಭಾಗದ ವ್ಯಾಸವೆಷ್ಟು ಎಂದು ಹೋಲಿಸಿ ನೋಡಿ. 25 ಮಿ.ಮೀ. ಪಿನ್ನು ನಡುವಿನಲ್ಲಿ 22.5 ಮಿ.ಮೀ.ಗೆ ಇಳಿದಿದ್ದರೆ ಅದನ್ನು ಗುಜರಿಗೆ ಹಾಕಿ ಎಂಬುದು ನಾನು ರೈತರಿಗೆ ಹೇಳುವ ಲೆಕ್ಕ. ಹತ್ತರಲ್ಲಿ ಒಂದು ಪಾಲು ಸವೆದರೆ ಏನು ಮಹಾ ಎನ್ನಬಾರದು. ದುಂಡು ಕಂಬಿಯ ಬಾಗದೆ ನಿಲ್ಲುವ ಶಕ್ತಿ ಅದರ ವ್ಯಾಸದ ಘನದೊಂದಿಗೆ ಏರಿಳಿಯುವುದರಿಂದ, ವ್ಯಾಸ ಹತ್ತನೇ ಒಂದರಷ್ಟು ಕುಂದಿದಾಗ ಶಕ್ತಿ ನಾಲ್ಕನೇ ಒಂದು ಭಾಗಕ್ಕಿಂತಲೂ ಹೆಚ್ಚು ಕುಂದಿರುತ್ತದೆ. ಬಾಗಿದ ಪಿನ್ನನ್ನು ಬಡಿದು ನೇರ ಮಾಡಿ ಮತ್ತೆ ಬಳಸುವುದಂತೂ ಕೂಡದು.

ಬಳೆಯ ರಂಧ್ರ ಎಳೆತದಿಂದಾಗಿ ಮುಂದಿನ ಬದಿಯಲ್ಲಿ ಹೆಚ್ಚು ಸವೆದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹೊಸದರಲ್ಲಿ ಪಿನ್ನಿಗಿಂತ ರಂಧ್ರ 2-3 ಮಿ.ಮೀ. ದೊಡ್ಡದಿದ್ದರೆ ಸಾಕು. ಸಡಿಲ 6 ಮಿ.ಮೀ. ದಾಟಿದೆಯೆಂದರೆ ದುರಸ್ತಿಯ ಕಾಲ ಬಂದಿದೆ. ಸಡಿಲ ಹೆಚ್ಚಿದಷ್ಟೂ ಕೊಂಡಿ ಎಳೆಯುವುದಿಲ್ಲ, ಬಡಿಯುತ್ತದೆ. ಕ್ಲಚ್ಚು ಬಿಟ್ಟಾಗ ಒಂದು ಬಡಿತ, ಬ್ರೇಕು ಹಾಕಿದಾಗ ಇನ್ನೊಂದು. ಅದು ಸುತ್ತಿಗೆಯ ಪೆಟ್ಟಿಗೆ ಸಮಾನ. ನಿಂತ ಭಾರವನ್ನು ಹೊರುವ ಕಬ್ಬಿಣ ಈ ಪೆಟ್ಟಿಗೆ ಬಿರುಕು ಬಿಡುತ್ತದೆ.

ಬಳೆ ಮತ್ತು ಕವಲಿನ ನಡುವೆ ಮೇಲೆ ಕೆಳಗೆ ಇರುವ ಸಂದಿಯ ಮಾತು ಬೇರೆ. ಅದನ್ನು ವಾಷರು ತುಂಬಿ ಬಿಗಿ ಮಾಡುವವರಿದ್ದಾರೆ. ಶಬ್ದ ನಿಲ್ಲುತ್ತದೆ, ನಿಜ. ಆದರೆ ತೋಟದ ಕಣಿ ದಾಟುವಾಗ ಟ್ರ್ಯಾಕ್ಟರ್ ತಲೆ ಎತ್ತಿ ಟ್ರೇಲರ್ ತಲೆ ತಗ್ಗಿಸಿದರೆ ಬಿಗಿಯಾದ ಬಳೆ ಕವಲಿನ ತುಟಿಗಳನ್ನು ಮೀಟಿ ಅಗಲಿಸುತ್ತದೆ. ಆದುದರಿಂದ ವಾಷರು ಹಾಕಿದ ಮೇಲೆ ಟ್ರ್ಯಾಕ್ಟರಿನ ಹಿಂಗಾಲಿಗಳನ್ನು ಒಂದು ಅಡಿ ದಿಬ್ಬಕ್ಕೆ ಹತ್ತಿಸಿ, ಆಮೇಲೆ ಎಡಕ್ಕೂ ಬಲಕ್ಕೂ ಪೂರ್ಣ ತಿರುಗಿಸಿ, ಎಲ್ಲಿಯೂ ಕಬ್ಬಿಣ ಕಬ್ಬಿಣಕ್ಕೆ ಸಿಕ್ಕುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಪಿನ್ನು ಯಾವುದಿರಬೇಕು?

ಕಾಂಕ್ರೀಟಿನ ಸರಳು ಬೇಡ. ಅದರ ಮೈಮೇಲಿನ ಏಣುಗಳು ಅರದಂತೆ ಬಳೆಯನ್ನು ತಿನ್ನುತ್ತವೆ. ಅದಕ್ಕೆ ತಲೆಯೂ ಇಲ್ಲ, ಕ್ಲಿಪ್ಪಿನ ತೂತೂ ಇಲ್ಲ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ, ಹದ ಮಾಡಿದ ಉಕ್ಕಿನ ಪಿನ್ನೇ ಉತ್ತಮ. ಅದು ಸಿಗದಿದ್ದಲ್ಲಿ ಹೈಟೆನ್ಸೈಲ್ ಬೋಲ್ಟನ್ನು ಬಳಸಬಹುದು. ಬೋಲ್ಟಿನ ತಲೆಯ ಮೇಲೆ 8.8 ಎಂದು ಒತ್ತಿದ್ದರೆ ಅದು ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್ ಸೆಳೆತ ತಾಳುವ ಜಾತಿಯದು ಎಂದರ್ಥ. 4.6 ಎಂದಿದ್ದರೆ ಅದರ ಅರ್ಧ. ನೋಡಲು ಎರಡೂ ಒಂದೇ. ಬೋಲ್ಟು ಆರಿಸುವಾಗ ಬಳೆ ತಾಗುವ ಜಾಗದಲ್ಲಿ ಮರೆ, ಅಂದರೆ ಸುರುಳಿ, ಇರದಂತೆ ಸಾಕಷ್ಟು ಉದ್ದದ್ದನ್ನೇ ಆರಿಸಬೇಕು. ಮರೆಯ ತಗ್ಗಿನಿಂದಲೇ ಬಿರುಕು ಆರಂಭವಾಗುತ್ತದೆ.

ಪಿನ್ನನ್ನು ಯಾವಾಗಲೂ ಮೇಲಿನಿಂದ ಕೆಳಕ್ಕೆ ಹಾಕಿ ಕೆಳಗೆ ಸ್ಪ್ರಿಂಗಿನ ಕ್ಲಿಪ್ಪು ತೊಡಿಸಬೇಕು. ಕ್ಲಿಪ್ಪಿನ ಬೆಲೆ ಅತ್ಯಲ್ಪ, ಕಳೆದು ಹೋಗುವುದು ಅತಿ ಬೇಗ. ನಾಲ್ಕು ಕ್ಲಿಪ್ಪುಗಳನ್ನು ಒಮ್ಮೆಗೇ ತಂದು ಯಂತ್ರ ನಿಲ್ಲಿಸುವ ಮಾಡಿನ ಕಂಬಕ್ಕೆ ಮೊಳೆ ಹೊಡೆದು ತೂಗಿಸಿದರೆ ತಂತಿ ಹುಡುಕುವ ಪ್ರಮೇಯ ಬರುವುದಿಲ್ಲ.

ಬೆಸುಗೆಯ ವಿಷಯ

ಸವೆದ ಬಳೆಯ ಒಳಮೈಗೆ ವೆಲ್ಡಿಂಗ್ ತುಂಬಿಸಿ ಉಜ್ಜಿ ಕೊಡುವುದು ನಮ್ಮಲ್ಲಿ ರೂಢಿ. ತುರ್ತಿಗೆ ಇದು ಆದೀತು. ಗೋಡೆ ಬಹಳ ತೆಳ್ಳಗಾಗಿದ್ದರೆ ಬಳೆಯನ್ನೇ ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುವುದು ಲೇಸು. ವೆಲ್ಡಿಂಗಿನವರು ನಿಮ್ಮ ಪರಿಚಯದವರೇ ಇರಬಹುದು, ಆದರೂ ಕೆಲವು ಮಾತನ್ನು ಮುಂದಾಗಿ ಹೇಳುವುದರಲ್ಲಿ ಸಂಕೋಚ ಬೇಡ. ಬಿರುಕನ್ನು ಮೇಲಿಂದ ಮೇಲೆ ಬೆಸೆದು ಮುಚ್ಚಬಾರದು. ಅದರ ತುದಿ ಎಲ್ಲಿ ಮುಗಿಯುತ್ತದೆಂದು ಸುಣ್ಣದ ಪುಡಿಯಿಂದ ಗುರುತಿಸಿ, ತುದಿಯಲ್ಲಿ ಸಣ್ಣ ತೂತು ಕೊರೆದು, ಬಿರುಕನ್ನು ಬುಡದವರೆಗೆ ಗ್ರೈಂಡರಿನಿಂದ ಕೆತ್ತಿ ತೆಗೆದು, ಆ ಕಾಲುವೆಯನ್ನು ಬುಡದಿಂದ ತುಂಬಿಸಿಕೊಂಡು ಬರಬೇಕು. ತೂತು ಕೊರೆಯದಿದ್ದರೆ ಬಿರುಕು ಬೆಸುಗೆಯ ಅಂಚಿನಿಂದ ಮುಂದಕ್ಕೆ ಓಡುತ್ತದೆ.

ಭಾರ ಹೊರುವ ಇಂಥ ಕೆಲಸಕ್ಕೆ ಇ-7018 ಜಾತಿಯ ಕಡ್ಡಿ ಸೂಕ್ತ. ಇದು ತೇವವನ್ನು ಸಹಿಸದ ಕಡ್ಡಿ. ಮಳೆಗಾಲದ ನಮ್ಮ ಹವೆಯಲ್ಲಿ ಕಟ್ಟು ಬಿಚ್ಚಿ ವಾರಗಟ್ಟಲೆ ಬೆಂಚಿನ ಮೇಲಿದ್ದ ಕಡ್ಡಿಯನ್ನು ಒಲೆಯಲ್ಲಿ ಒಣಗಿಸದೆ ಬಳಸಿದರೆ ಬೆಸುಗೆಯೊಳಗೆ ಹೈಡ್ರೋಜನ್ ಸೇರುತ್ತದೆ. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುವ ಬೆಸುಗೆ ಕೆಲ ದಿನಗಳಲ್ಲಿ ಒಳಗಿನಿಂದ ಸೀಳುತ್ತದೆ. ದಪ್ಪ ಬಳೆಯನ್ನು ಬೆಸೆಯುವ ಮೊದಲು ಕೈ ತಾಗಿಸಲಾಗದಷ್ಟು ಬಿಸಿ ಮಾಡಬೇಕು, ಬೆಸೆದ ನಂತರ ಒಣ ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಲು ಬಿಡಬೇಕು. ಬಕೆಟ್ಟಿನ ನೀರಿಗೆ ಅದ್ದಿ "ಚುಂಯ್" ಎನ್ನಿಸಿದರೆ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಮೂಕಿಗೆ ಬಲಪಟ್ಟಿ ಕೊಡುವಾಗ ಚೌಕ ಪಟ್ಟಿಗಿಂತ ವಜ್ರಾಕೃತಿಯ ಪಟ್ಟಿ ಒಳ್ಳೆಯದು. ಚೌಕದ ಅಡ್ಡ ಬೆಸುಗೆ ಒಂದೇ ಗೆರೆಯಲ್ಲಿ ಮೂಕಿಯನ್ನು ದುರ್ಬಲಗೊಳಿಸುತ್ತದೆ.

ಎತ್ತರದ ಹೊಂದಾಣಿಕೆ

ದುರಸ್ತಿಗಿಂತಲೂ ಹೆಚ್ಚು ಅನಾಹುತ ಎತ್ತರದ ತಪ್ಪಿನಿಂದ ಆಗುತ್ತದೆ. ಎಳೆಯುವ ಬಿಂದು ಮೇಲಿದ್ದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಏಳುತ್ತದೆಂಬುದು ಕೇಳಿದ ಮಾತು. ಎಷ್ಟು ಬೇಗ ಏಳುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

750 ಕಿಲೊ ತೂಕದ ಮಿನಿ ಟ್ರ್ಯಾಕ್ಟರ್. ಮುಂದಿನ ಗಾಲಿಗಳ ಮೇಲೆ 300 ಕಿಲೊ. ಮುಂದಿನ ಹಿಂದಿನ ಗಾಲಿಗಳ ನಡುವೆ ಒಂದೂವರೆ ಮೀಟರ್. ಹಿಂದಿನ ಅಚ್ಚಿನಿಂದ 60 ಸೆಂ.ಮೀ. ಹಿಂದೆ ಕೊಂಡಿ. ಗೊಬ್ಬರ ಸಹಿತ 1500 ಕಿಲೊ ತೂಗುವ ಟ್ರೇಲರ್, ಅದರಲ್ಲಿ 225 ಕಿಲೊ ಕೊಂಡಿಯ ಮೇಲೆ. ಎಂಟು ಅಡಿಗೆ ಒಂದು ಅಡಿ ಏರುವ ಕೆಸರು ದಾರಿ. ಕೊಂಡಿಯ ಮೇಲಿನ ತೂಕದಿಂದ ಮುಂದಿನ ಗಾಲಿಯ ಭಾರ 90 ಕಿಲೊ ಕಡಿಮೆಯಾಗುತ್ತದೆ. ಏರಿನಿಂದಾಗಿ ಟ್ರ್ಯಾಕ್ಟರಿನ ಸ್ವಂತ ತೂಕ ಹಿಂದಕ್ಕೆ ಜಾರುವುದರಿಂದ ಇನ್ನೊಂದು 30 ಕಿಲೊ. ಏರಿಗೂ ಕೆಸರಿಗೂ ಸೇರಿ ಎಳೆಯಬೇಕಾದ ಬಲ ಸುಮಾರು 340 ಕಿಲೊ. ಕೊಂಡಿ ನೆಲದಿಂದ 40 ಸೆಂ.ಮೀ. ಎತ್ತರದಲ್ಲಿದ್ದರೆ ಈ ಎಳೆತ ಮುಂದಿನ ಗಾಲಿಯಿಂದ ಮತ್ತೆ 90 ಕಿಲೊ ಕಸಿಯುತ್ತದೆ. ಉಳಿಯುವುದು 90 ಕಿಲೊ, ಹೇಗೋ ಸ್ಟೀರಿಂಗು ಕೇಳುತ್ತದೆ. ಕೊಂಡಿಯನ್ನು 80 ಸೆಂ.ಮೀ.ಗೆ ಏರಿಸಿದರೆ ಎಳೆತವೊಂದೇ 180 ಕಿಲೊ ಕಸಿಯುತ್ತದೆ. ಒಟ್ಟು ಕೂಡಿಸಿ ನೋಡಿ, 300 ಆಯಿತು. ಮುಂದಿನ ಗಾಲಿ ನೆಲ ಬಿಟ್ಟಿದೆ. ಇದು ನಿಧಾನ ಎಳೆತದ ಲೆಕ್ಕ. ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಇದಕ್ಕಿಂತ ಕಡಿಮೆ ಎತ್ತರದಲ್ಲೂ ಟ್ರ್ಯಾಕ್ಟರ್ ಮಗುಚಿಕೊಳ್ಳಬಹುದು, ಆಗ ಕೆಳಗೆ ಸಿಗುವವರು ಚಾಲಕರು.

ಆದುದರಿಂದ ಸರಪಣಿಯಾಗಲಿ ಟ್ರೇಲರಾಗಲಿ, ಟಾಪ್‌ಲಿಂಕಿನ ಜಾಗಕ್ಕೆ ಎಂದೂ ಕಟ್ಟಬಾರದು. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಮೂರು ಬಿಂದುಗಳ ಜೋಡಣೆಯಲ್ಲಿ ನೇಗಿಲಿನ ಎಳೆತ ಕೆಳಗಿನ ಎರಡು ತೋಳುಗಳಲ್ಲಿ ಬರುತ್ತದೆ, ಮೇಲಿನ ಲಿಂಕು ಮುಂದಕ್ಕೆ ಒತ್ತಿ ಟ್ರ್ಯಾಕ್ಟರಿನ ತಲೆ ಏಳದಂತೆ ತಡೆಯುತ್ತದೆ. ಒತ್ತುವುದಕ್ಕೆಂದು ಮಾಡಿದ ಸ್ಥಾನದಿಂದ ಎಳೆಸಿದರೆ ಅದರ ಉದ್ದೇಶವೇ ತಲೆಕೆಳಗಾಗುತ್ತದೆ. ಹೈಡ್ರಾಲಿಕ್ ತೋಳುಗಳ ನಡುವೆ ಹಾಕುವ ತೂತುಪಟ್ಟಿಗೆ ಟ್ರೇಲರ್ ಕಟ್ಟುವುದೂ ಒಳ್ಳೆಯದಲ್ಲ. ತೋಳು ಮೇಲೆದ್ದರೆ ಕೊಂಡಿಯೂ ಅದರೊಂದಿಗೆ ಏರುತ್ತದೆ. ಎರಡು ಗಾಲಿಯ ಟ್ರೇಲರಿಗೆ ಚಾಸಿಗೆ ಬಿಗಿದ ಕವಲೇ ಬೇಕು.

ಎತ್ತರ ಹೊಂದಿಸಲು ಭಾರ ತುಂಬಿದ ಟ್ರೇಲರನ್ನೇ ತೆಗೆದುಕೊಳ್ಳಬೇಕು, ಏಕೆಂದರೆ ಭಾರಕ್ಕೆ ಸ್ಪ್ರಿಂಗು ಮತ್ತು ಟಯರು ಕುಸಿಯುತ್ತವೆ. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಕೊಳವೆಯಿಂದ ಟ್ರೇಲರಿನ ತಳದ ಮುಂದಿನ ಮತ್ತು ಹಿಂದಿನ ಅಂಚು ಸಮವಿದೆಯೇ ನೋಡಿ. ತಳ ಮುಂದೆ ಎದ್ದಿದ್ದರೆ ಕವಲನ್ನು ಏರಿಸಿರುವ ತಪ್ಪಾಗಿರಬಹುದು. ಕವಲನ್ನು ಕೆಳಗಿನ ತೂತುಗಳಿಗೆ ಇಳಿಸಿ, ಬೇಕಿದ್ದರೆ ಬಳೆಯ ತಗಡನ್ನು ಮೂಕಿಯ ಕೆಳಬದಿಗೆ ತಿರುಗಿಸಿ ಬೋಲ್ಟು ಮಾಡಿ. ಟ್ರೇಲರಿನ ಅನುಕೂಲಕ್ಕಾಗಿ ಟ್ರ್ಯಾಕ್ಟರಿನ ಕೊಂಡಿಯನ್ನು ಏರಿಸುವ ಬದಲು ಟ್ರೇಲರಿನ ಮೂಕಿಯನ್ನು ಬಗ್ಗಿಸಿಕೊಳ್ಳುವುದು ಸರಿಯಾದ ಕ್ರಮ.

ಮೂಕಿಯ ತೂಕ

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೇರು ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂದಾದರೆ ನೊಗ ಮೇಲೆದ್ದು ಕೊರಳಿನ ಕಣ್ಣಿ ಬಿಗಿಯುತ್ತದೆ. ಬೆಂಗಳೂರಿನ ಪ್ರೊ. ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದಾಗ ಹೆಗಲಿನ ಈ ಹೊರೆಯನ್ನು ಮುಖ್ಯ ಪ್ರಶ್ನೆಯಾಗಿ ಎತ್ತಿದ್ದರು. ಯಂತ್ರ ನೋವು ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲಿರಲಿ. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಇನ್ನೂ ಹಿಂದಾದರೆ ಏರಿನಲ್ಲಿ ಟ್ರ್ಯಾಕ್ಟರಿನ ಹಿಂಗಾಲಿಗಳನ್ನೇ ಎತ್ತಿ ಹಿಡಿತ ತಪ್ಪಿಸುತ್ತದೆ.

ತೂಗುವುದಕ್ಕೆ ಅಡಿಕೆ ತೂಗುವ ಯಂತ್ರ ಮನೆಯಲ್ಲೇ ಇದೆ. ಅದು 100 ಕಿಲೊದ್ದಾದರೂ ಅಡ್ಡಿಯಿಲ್ಲ. ಗಟ್ಟಿ ಹಲಗೆಯ ಒಂದು ತುದಿಯನ್ನು ಕಲ್ಲಿನ ಮೇಲೂ ಮೂರು ಅಡಿ ಆಚೆಗಿನ ಇನ್ನೊಂದು ತುದಿಯನ್ನು ಯಂತ್ರದ ಮೇಲೂ ಇಟ್ಟು, ಕಲ್ಲಿನಿಂದ ಒಂದು ಅಡಿ ದೂರದಲ್ಲಿ ಮೂಕಿಯ ಬಳೆಯನ್ನು ಊರಿದರೆ ಯಂತ್ರ ಮೂರನೇ ಒಂದು ಭಾಗವನ್ನು ತೋರಿಸುತ್ತದೆ. ಹಲಗೆಯ ಅರ್ಧ ತೂಕ ಕಳೆದು ಮೂರರಿಂದ ಗುಣಿಸಿರಿ. ಬಳೆ ತನ್ನ ಎಂದಿನ ಎತ್ತರದಲ್ಲೇ ಇರುವಂತೆ ಕೆಳಗೆ ದಿಮ್ಮಿ ಕೊಡಬೇಕು. ಹೆಚ್ಚು ಬಂದರೆ ಹೇರನ್ನು ಹಿಂದಕ್ಕೆ ಸರಿಸಿ. ಅಚ್ಚಿನಿಂದ ಬಳೆಗೆ ಎರಡೂವರೆ ಮೀಟರ್ ಇರುವ ಟ್ರೇಲರಿನಲ್ಲಿ ಒಂದು ಟನ್ ಹೇರು 30 ಸೆಂ.ಮೀ. ಸರಿದರೆ ಕೊಂಡಿಯ ತೂಕ 120 ಕಿಲೊ ಬದಲಾಗುತ್ತದೆ. ಸೊಪ್ಪು ತುಂಬುವಾಗ ಎಲ್ಲಿ ತುಂಬಿದರೂ ದೊಡ್ಡ ದೋಷವಿಲ್ಲ. ಮುರಕಲ್ಲು, ಹಸಿ ಗೊಬ್ಬರ, ನೀರಿನ ಡ್ರಮ್ಮುಗಳಲ್ಲಿ ಜಾಗ್ರತೆ ಬೇಕು.

ಕಾವಲು ಸರಪಣಿ

ಪಿನ್ನು ಎಷ್ಟೇ ಒಳ್ಳೆಯದಿದ್ದರೂ ಎರಡು ಸರಪಣಿಗಳನ್ನು ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡಹಾಯುವಂತೆ ಟ್ರ್ಯಾಕ್ಟರಿನ ಚಾಸಿಗೆ ಹಾಕಿರಿ. ಪಿನ್ನು ಬಿಟ್ಟಾಗ ಮೂಕಿ ನೆಲಕ್ಕೆ ನಾಟದೆ ಆ ತೊಟ್ಟಿಲಿನಲ್ಲಿ ಕೂರುತ್ತದೆ. ಪೂರ್ಣ ತಿರುವಿಗೆ ಬೇಕಾದಷ್ಟು ಮಾತ್ರ ಸಡಿಲವಿರಲಿ. ಕವಲಿಗೇ ಸರಪಣಿ ಕಟ್ಟಿದರೆ ಕವಲು ಕಿತ್ತಾಗ ಸರಪಣಿಯೂ ಅದರೊಂದಿಗೆ ಹೋಗುತ್ತದೆ. ಮೂಕಿಯ ಮೇಲೆ ಕುಳಿತೋ ನಿಂತೋ ಸವಾರಿ ಮಾಡುವುದನ್ನು, ಮುಖ್ಯವಾಗಿ ಮಕ್ಕಳು ಮಾಡುವುದನ್ನು, ಯಜಮಾನರು ಕಟ್ಟುನಿಟ್ಟಾಗಿ ತಡೆಯಬೇಕು.

ಟಿಲ್ಲರಿಗೆ ಬೇರೆ ಮಾತು

ಬೆಂಗಳೂರಿನ ವಿ.ಎಸ್.ಟಿ. ಮತ್ತು ಕೇರಳದ ಕಾಮ್ಕೊ ಟಿಲ್ಲರುಗಳು ಈ ಭಾಗದಲ್ಲಿ ಪರಿಚಿತ. (ಕಾಮ್ಕೊ ಮತ್ತು ನಮ್ಮ ಕ್ಯಾಂಪ್ಕೊ, ಎರಡೂ 1973ರಲ್ಲಿ ಹುಟ್ಟಿದವು. ಹೆಸರಿನ ಗೊಂದಲ ಅಂದಿನಿಂದಲೂ ಇದೆ.) ಟಿಲ್ಲರಿಗೆ ಎರಡೇ ಗಾಲಿ. ಟ್ರೇಲರ್ ಸೇರಿದಾಗ ಮಾತ್ರ ಅದು ನಾಲ್ಕು ಗಾಲಿಯ ವಾಹನ. ಚಾಲಕ ಕೂರುವುದು ಟ್ರೇಲರಿನ ಮೇಲೆ. ಹೀಗಾಗಿ ಕೊಂಡಿಯ ಪಿನ್ನು ಮತ್ತು ಬುಶ್ಶು ಸವೆದರೆ ಮೊದಲು ಕೈಗೆ ಗೊತ್ತಾಗುತ್ತದೆ: ಹಿಡಿಕೆ ಮೇಲೆ ಕೆಳಗೆ ಕುಣಿಯುತ್ತದೆ. ಅನೇಕರು ಇದನ್ನು ದಾರಿಯ ದೋಷವೆಂದು ಸಹಿಸುತ್ತಾರೆ.

ಇಳಿಜಾರಿನಲ್ಲಿ ಇನ್ನೊಂದು ವಿಚಿತ್ರವಿದೆ. ಸಮತಟ್ಟಿನಲ್ಲಿ ಎಡ ಸ್ಟೀರಿಂಗ್ ಕ್ಲಚ್ಚು ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಟ್ರೇಲರ್ ಹಿಂದಿನಿಂದ ನೂಕುತ್ತಿರುವ ಇಳಿಜಾರಿನಲ್ಲಿ ಎಡ ಕ್ಲಚ್ಚು ಹಿಡಿದರೆ ಎಡಗಾಲಿ ಇಂಜಿನ್ನಿನ ತಡೆಯಿಂದ ಬಿಡುಗಡೆಯಾಗಿ ಮುಂದಕ್ಕೋಡುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಹೊಸಬರು ಗಾಬರಿಯಿಂದ ಇನ್ನಷ್ಟು ಒತ್ತುತ್ತಾರೆ, ಟಿಲ್ಲರ್ ಟ್ರೇಲರಿನ ಕಡೆಗೆ ಮಡಚಿಕೊಳ್ಳುತ್ತದೆ. ಇದಕ್ಕೆ ಉಪಾಯ: ಇಳಿಯುವ ಮೊದಲೇ ಕಡಿಮೆ ಗೇರಿಗೆ ಹಾಕಿ, ಟ್ರೇಲರಿನ ಕಾಲುಬ್ರೇಕನ್ನು ಹಗುರಾಗಿ ಒತ್ತಿ ಕೊಂಡಿಯನ್ನು ಎಳೆತದಲ್ಲೇ ಇರಿಸಿಕೊಂಡು, ಸ್ಟೀರಿಂಗ್ ಕ್ಲಚ್ಚು ಮುಟ್ಟದೆ ಹಿಡಿಕೆಯನ್ನು ಕೈಯಿಂದಲೇ ತಿರುಗಿಸುತ್ತ ಇಳಿಯುವುದು. ಕೊಂಡಿ ಎಳೆತದಲ್ಲಿದೆಯೋ ನೂಕಿನಲ್ಲಿದೆಯೋ ಎಂದು ಚಾಲಕನಿಗೆ ತಿಳಿಯುವುದು ಪಿನ್ನಿನ ಸಡಿಲ ಕಡಿಮೆಯಿದ್ದರೆ ಮಾತ್ರ. ಈಗೀಗ ಹಾಕಿಸುತ್ತಿರುವ ಕಾಂಕ್ರೀಟ್ ದಾರಿಯಲ್ಲಿ ಗಾಲಿ ಸಲೀಸಾಗಿ ಉರುಳುವುದರಿಂದ ಈ ನೂಕು ಮಣ್ಣುದಾರಿಗಿಂತ ಹೆಚ್ಚು.

ಟಿಲ್ಲರ್ ಕೊಂಡಿಯ ಬುಶ್ಶುಗಳನ್ನು ಒತ್ತಿ ತೆಗೆದು ಹೊಸದು ಹಾಕಬಹುದು. ಪಿನ್ನು ಮತ್ತು ಬುಶ್ಶು ಎರಡನ್ನೂ ಒಟ್ಟಿಗೇ ಬದಲಿಸಬೇಕು. ಹೊಸ ಬುಶ್ಶಿಗೆ ಹಳೆ ಪಿನ್ನು ಹಾಕಿದರೆ ಒಂದೇ ಮಳೆಗಾಲದಲ್ಲಿ ಮೊದಲಿನ ಸಡಿಲವೇ ಮರಳುತ್ತದೆ. ಗ್ರೀಸು ಹಾಕುವಾಗ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಒತ್ತಿರಿ. ಮುರಕಲ್ಲಿನ ಕೆಂಪು ಧೂಳು ಬೆರೆತ ಗ್ರೀಸು ಅರಗಾಗದದಂತೆ ಉಕ್ಕನ್ನು ಉಜ್ಜುತ್ತದೆ.